ಇಂಜಿನ್ ಕೆಲಸ ಮಾಡಿಸಿದ ಮೇಲೂ ಆಯಿಲ್ ಕುಡಿಯುವ ಹಳೇ ಲಾರಿ: ಪಿಸ್ಟನ್, ರಿಂಗು, ಬೋರು, ತಪ್ಪು ಯಾವುದರದ್ದು?

ಹಳೇ ಲಾರಿ ಇಟ್ಟುಕೊಂಡವರಿಗೆ ಈ ದೂರು ಹೊಸದಲ್ಲ. ಇಂಜಿನ್ ಬಿಚ್ಚಿಸಿ ಪಿಸ್ಟನ್ ಸುತ್ತ ಕೂರುವ ಹೊಸ ರಿಂಗು ಹಾಕಿಸಿರುತ್ತಾರೆ. ಕೆಲವು ತಿಂಗಳು ಗಾಡಿ ಚೆನ್ನಾಗಿ ಓಡುತ್ತದೆ. ಆಮೇಲೆ ಇಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಮತ್ತೆ ಹೊಗೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಮ್ಮಿ. ಲೋಡ್ ಹಾಕಿ ಏರು ಹತ್ತುವಾಗ ಪಿಕಪ್ ಇಲ್ಲ. "ರಿಂಗು ಡೂಪ್ಲಿಕೇಟು ಕಣಣ್ಣ" ಅಂತ ಒಬ್ಬರು, "ಮಿಸ್ತ್ರಿ ಕೈ ಸರಿಯಿಲ್ಲ" ಅಂತ ಇನ್ನೊಬ್ಬರು. ಎರಡೂ ಆಗಿರಬಹುದು. ಆದರೆ ಜಾಸ್ತಿ ಸಲ ರಿಂಗೂ ಅಸಲಿ, ಕೈಯೂ ಸರಿ. ಬೋರು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು, ಅಳೆಯದೆ ಸಾಮಾನು ತಂದಿರುತ್ತಾರೆ, ಅಷ್ಟೇ. ಪಿಸ್ಟನ್ ಮತ್ತು ರಿಂಗು ಆರಿಸುವ ಕೆಲಸ ಅಂಗಡಿಯ ಕೌಂಟರಿಗಿಂತ ಮುಂಚೆ, ಬೋರ್ ಗೇಜ್ ಹಿಡಿದಾಗಲೇ ಶುರುವಾಗಬೇಕು.

ಉದಾಹರಣೆಗೆ ಟಾಟಾ 697 ಇಂಜಿನ್ ತೆಗೆದುಕೊಳ್ಳುತ್ತೇನೆ. ನಮ್ಮ ರಸ್ತೆಗಳಲ್ಲಿ ಇದನ್ನು ನೋಡದವರಿಲ್ಲ. 1954ರಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಮತ್ತು ಡೈಮ್ಲರ್-ಬೆನ್ಸ್ ಕೈಜೋಡಿಸಿದವು, ಆ ಒಪ್ಪಂದ 15 ವರ್ಷ ನಡೆಯಿತು. 697 ಆ ವಂಶದ ಇಂಜಿನ್ನು. ಆರು ಸಿಲಿಂಡರ್, ಬೋರು 97 ಮಿ.ಮೀ., ಸ್ಟ್ರೋಕ್ 128 ಮಿ.ಮೀ., ಒಟ್ಟು 5,675 ಸಿಸಿ. ಹೆಸರಿನಲ್ಲೇ ಅಳತೆ ಇದೆ: ಮೊದಲ ಅಂಕಿ ಸಿಲಿಂಡರ್, ಮುಂದಿನ ಎರಡು ಬೋರು. ಲೇಲ್ಯಾಂಡ್, ಕಮ್ಮಿನ್ಸ್ ಇಂಜಿನ್ನುಗಳಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ. ಇಲ್ಲಿ ಕೊಡುವ ಅಳತೆಗಳು ಅಂದಾಜು ಗೆರೆಗಳು. ನಿಮ್ಮ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಹೆಡ್ ಬಿಚ್ಚುವ ಮುಂಚೆ

ಮೊದಲು ಆಯಿಲ್ ನಿಜವಾಗಿ ಎಷ್ಟು ಹೋಗುತ್ತಿದೆ ಅಂತ ಲೆಕ್ಕ ಇಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಮೇಲಿನ ಗೆರೆವರೆಗೆ ತುಂಬಿ. ಆಮೇಲೆ ಎಷ್ಟು ಡೀಸೆಲ್ ಸುಟ್ಟಿತು, ಎಷ್ಟು ಆಯಿಲ್ ಮತ್ತೆ ಹಾಕಿದಿರಿ ಅಂತ ಬರೆದಿಡಿ. 100 ಲೀಟರ್ ಡೀಸೆಲ್ಲಿಗೆ ಅರ್ಧ ಲೀಟರ್ ಒಳಗೆ ಆಯಿಲ್ ಹೋದರೆ ಹಳೇ ಇಂಜಿನ್ನಿಗೆ ಅದು ಗಾಬರಿಯ ವಿಷಯವಲ್ಲ. ಒಂದು ಲೀಟರ್ ದಾಟಿದರೆ ಹುಡುಕಲೇಬೇಕು.

ಹುಡುಕುವಾಗ ರಿಂಗಿನಿಂದ ಶುರು ಮಾಡಬೇಡಿ. ಲಾರಿಯಲ್ಲಿ ಆಯಿಲ್ ಕಳ್ಳ ಇನ್ನೊಬ್ಬನಿದ್ದಾನೆ: ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರ್. ಅದಕ್ಕೂ ಇಂಜಿನ್ ಆಯಿಲೇ ಹೋಗುತ್ತದೆ. ಅದರೊಳಗೂ ಪಿಸ್ಟನ್ನು, ರಿಂಗು ಇವೆ. ಅವು ಸವೆದರೆ ಆಯಿಲ್ ನೇರ ಏರ್ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ಕೆಳಗಿನ ಡ್ರೈನ್ ತೆರೆದು ನೋಡಿ. ಸ್ವಲ್ಪ ನೀರು ಬಂದರೆ ಸರಿ. ಕಪ್ಪು ಜಿಡ್ಡು ಬುಳಬುಳ ಬಂದರೆ ಕಳ್ಳ ಸಿಕ್ಕಿದ ಹಾಗೆ. ಬ್ರೀದರ್ ಹೊಗೆಗೂ ಇದೇ ಕಾರಣವಾಗಬಹುದು. ಟ್ಯಾಂಕ್ ತುಂಬಿ ಕಂಪ್ರೆಸರ್ ಕಟ್ ಆದ ಮೇಲೆ ಬ್ರೀದರ್ ಹೊಗೆ ಇಳಿದು, ಮತ್ತೆ ಗಾಳಿ ತುಂಬಲು ಶುರು ಮಾಡಿದಾಗ ಏರಿದರೆ ಇಂಜಿನ್ ಬಿಚ್ಚುವ ಖರ್ಚು ಉಳಿಯಿತು ಅಲ್ವಾ?

ಟರ್ಬೊ ಇರುವ ಗಾಡಿಯಾದರೆ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಪೈಪ್ ಬಿಚ್ಚಿ ಒಳಗೆ ಕೈಯಾಡಿಸಿ. ತೆಳ್ಳಗೆ ಜಿಡ್ಡು ಇರುವುದು ಮಾಮೂಲಿ. ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ನೋಡಿಸಿ.

ವಾಲ್ವ್ ಜಾರುವ ಕೊಳವೆ, ಅಂದರೆ ವಾಲ್ವ್ ಗೈಡ್, ಸವೆದಿದ್ದರೆ ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ನೀಲಿ ಹೊಗೆ ಒಮ್ಮೆ ಉಗುಳುತ್ತದೆ, ಆಮೇಲೆ ಕಮ್ಮಿಯಾಗುತ್ತದೆ. ಲೋಡಿನಲ್ಲಿ ಎಳೆಯುವಾಗ ಬಿಡದೆ ನೀಲಿ ಹೊಗೆ ಬಂದರೆ ಅನುಮಾನ ರಿಂಗಿನ ಕಡೆ ತಿರುಗಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಆಮೇಲೆ ಒತ್ತಿದಾಗ ಹೊಗೆ ಬಂದರೆ ಗೈಡ್ ಹೋಗಿದೆ ಅನ್ನುವ ಪರೀಕ್ಷೆ ಪೆಟ್ರೋಲ್ ಇಂಜಿನ್ನಿನದು. ಡೀಸೆಲ್ಲಿನಲ್ಲಿ ಗಾಳಿ ತಡೆಯುವ ಥ್ರಾಟಲ್ ಇಲ್ಲ, ಹಾಗಾಗಿ ಆ ಎಳೆತವೇ ಹುಟ್ಟುವುದಿಲ್ಲ. ಶಿರಾಡಿ ಘಾಟಿ ಇಳಿಸಿ ಬಂದು ಈ ಲೆಕ್ಕದಲ್ಲಿ ತೀರ್ಮಾನ ಮಾಡಬೇಡಿ.

ಕಂಪ್ರೆಷನ್ ಪರೀಕ್ಷೆಯನ್ನು ಇಂಜಿನ್ ಬಿಸಿ ಇದ್ದಾಗ, ಬ್ಯಾಟರಿ ಚೆನ್ನಾಗಿರುವಾಗ ಮಾಡಿ. ಆರೂ ಸಿಲಿಂಡರುಗಳ ನಡುವೆ ಎಷ್ಟು ವ್ಯತ್ಯಾಸ ಅನ್ನುವುದು ಇಲ್ಲಿ ಮುಖ್ಯ. ಐದು ಒಂದೇ ಥರ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಅದು ಮಾಮೂಲಿ ಸವೆತ ಅಲ್ಲ. ಆ ಸಿಲಿಂಡರಿನಲ್ಲೇ ಏನೋ ಆಗಿದೆ. ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ ಅದರ ತೂತಿನಿಂದ ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವ ಪದ್ಧತಿ ಇದೆ. ಡೀಸೆಲ್ಲಿನಲ್ಲಿ ಅದನ್ನು ನಂಬಬೇಡಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗವೇ ಅಷ್ಟು ಚಿಕ್ಕದು. ಚಮಚ ಆಯಿಲ್ ಆ ಜಾಗ ತುಂಬಿದರೆ ಸಾಕು, ಗೇಜು ಸುಮ್ನೆ ಮೇಲೇರುತ್ತದೆ.

ಇನ್ನೊಂದು: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಮ್ಮಿಯಾಗುವ ಬದಲು ಏರುತ್ತಿದ್ದರೆ, ಡೀಸೆಲ್ ವಾಸನೆ ಬಂದರೆ, ಡೀಸೆಲ್ ಪಂಪ್ ಅಥವಾ ನಾಝಲ್ ಕೆಲಸ ಮೊದಲು. ತೆಳುವಾದ ಆಯಿಲ್‌ನಲ್ಲಿ ಹೊಸ ರಿಂಗೂ ಬಾಳುವುದಿಲ್ಲ.

ಬಿಚ್ಚಿದ ಮೇಲೆ, ತೊಳೆಯುವ ಮುಂಚೆ

ನಮ್ಮ ಗ್ಯಾರೇಜುಗಳಲ್ಲಿ ಪಿಸ್ಟನ್ ಹೊರಗೆ ಬಂದ ತಕ್ಷಣ ಡೀಸೆಲ್ ಟ್ರೇಗೆ ಬೀಳುತ್ತದೆ. ಐದೇ ನಿಮಿಷದಲ್ಲಿ ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ. ಹಾಗೆ ಮಾಡಬೇಡಿ. ಯಾವ ಸಿಲಿಂಡರಿನದು, ಮುಂಭಾಗ ಯಾವುದು ಅಂತ ಗುರುತು ಹಾಕಿ ಆರನ್ನೂ ಸಾಲಾಗಿ ಇಡಿ. ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಹೊಸ ಪಿಸ್ಟನ್ನಿಗೆ ಏನು ಕಾದಿದೆ ಅಂತ ಹಳೇ ಪಿಸ್ಟನ್ ಹೇಳುತ್ತದೆ.

ಮೇಲಿನ ರಿಂಗು ಕನ್ನಡಿಯಂತಿರದೆ ಮಂಕು ಬೂದಿ ಬಣ್ಣಕ್ಕೆ ತಿರುಗಿ, ಬೋರಿನ ಮೇಲ್ಭಾಗ ಹೆಚ್ಚು ತಿಂದಿದ್ದರೆ ಧೂಳು ಗಾಳಿಯ ದಾರಿಯಿಂದ ಬಂದಿದೆ. ಏರ್ ಕ್ಲೀನರ್ ಮಾತ್ರವಲ್ಲ, ಅಲ್ಲಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ಪೈಪ್ ಮತ್ತು ಕ್ಲಿಪ್ಪುಗಳನ್ನೂ ಬೆರಳಿಟ್ಟು ನೋಡಿ. ಹೋಸಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಬಳ್ಳಾರಿ ಕಡೆಯ ಗಣಿ ಧೂಳಿನಲ್ಲಿ ಓಡುವ ಗಾಡಿಯ ರಿಂಗು ಬೇಗ ಮುಗಿಯುತ್ತದೆ. ಮೇಲಿನ ರಿಂಗು ಪರವಾಗಿಲ್ಲ, ಆದರೆ ಆಯಿಲ್ ರಿಂಗಿನ ಅಂಚು, ಪಿಸ್ಟನ್ನಿನ ಕೆಳಗಿನ ಸ್ಕರ್ಟು, ಬೇರಿಂಗು ಜಾಸ್ತಿ ತಿಂದಿದ್ದರೆ ಕೊಳೆ ಆಯಿಲ್ ಮೂಲಕ ಬಂದಿದೆ. ಫಿಲ್ಟರ್ ಬದಲಿಸದೆ ಓಡಿಸಿರುತ್ತಾರೆ, ಇಲ್ಲವೇ ಹಿಂದಿನ ಸಲ ಬ್ಲಾಕ್ ಸರಿಯಾಗಿ ತೊಳೆದಿರುವುದಿಲ್ಲ.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಎರಡೂ ಪಕ್ಕ, ನಾಲ್ಕು ಮೂಲೆಯಲ್ಲಿ ಒರಸಿದ ಗಾಯ ಕಂಡರೆ ಇಂಜಿನ್ ಹೀಟ್ ಆಗಿದೆ. ಪಿಸ್ಟನ್ ಹಿಗ್ಗಿ ಬೋರಿಗೆ ಕಚ್ಚಿದೆ. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ನೋಡದೆ ಹೊಸ ಸೆಟ್ ಹಾಕಿದರೆ ಅದೂ ಹಾಗೇ ಕಚ್ಚುತ್ತದೆ. ಗಾಯ ಪಿನ್ನಿಗೆ ಅಡ್ಡವಾಗಿ ಒತ್ತಡ ಬೀಳುವ ಒಂದೇ ಕಡೆ ಇದ್ದರೆ ಆಯಿಲ್ ಸಾಲದೆ ಹೋಗಿದೆ. ಪಿಸ್ಟನ್ನಿನ ತಲೆಯ ಅಂಚು ಕರಗಿದ್ದರೆ, ಒಂದೇ ಕಡೆ ತೂತು ಬಿದ್ದಿದ್ದರೆ ನಾಝಲ್ ಸೋರುತ್ತಿತ್ತು ಅಥವಾ ಟೈಮಿಂಗ್ ಮುಂದಿತ್ತು. ಆಗ ಪಂಪ್ ಕ್ಯಾಲಿಬ್ರೇಷನ್ ಮತ್ತು ಆರೂ ನಾಝಲ್ ಪರೀಕ್ಷೆ ಇಂಜಿನ್ ಕೆಲಸದ ಬಿಲ್ಲಿನೊಳಗೇ ಸೇರಬೇಕು.

ಸ್ಕರ್ಟಿನ ಹೊಳಪು ನೇರವಾಗಿರದೆ ಓರೆಯಾಗಿದ್ದರೆ, ಒಂದು ಬದಿಯಲ್ಲಿ ಮೇಲೆ, ಇನ್ನೊಂದು ಬದಿಯಲ್ಲಿ ಕೆಳಗೆ, ಕನೆಕ್ಟಿಂಗ್ ರಾಡ್ ಬಗ್ಗಿದೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಗ್ಗಿದ ರಾಡಿನ ಮೇಲೆ ಎಷ್ಟು ದುಬಾರಿ ಪಿಸ್ಟನ್ ಹಾಕಿದರೂ ಆ ಒಂದು ಸಿಲಿಂಡರ್ ಆಯಿಲ್ ಕುಡಿಯುತ್ತಲೇ ಇರುತ್ತದೆ. ಆರೂ ರಾಡನ್ನು ಅಲೈನ್‌ಮೆಂಟ್ ನೋಡಿಸಿ, ಪಿನ್ ಕೂರುವ ಸ್ಮಾಲ್ ಎಂಡ್ ಬುಷ್ ಜೊತೆಗೆ.

ರಿಂಗುಗಳು ಪಿಸ್ಟನ್ನಿನ ತೋಡಿನಲ್ಲಿ (ಗ್ರೂವ್) ಅಂಟಿ ಕೂತಿದ್ದರೆ ಕಾರಣ ಇಂಗಾಲ. ಮೇಲಿನ ತೋಡಿಗೆ ಹೊಸ ರಿಂಗು ಇಟ್ಟು, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ತೂರಿಸಿ ನೋಡಿ. ಚೌಕ ರಿಂಗಿಗೆ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಸಂದು ಇರಬೇಕು. 0.15 ದಾಟಿದರೆ ಆ ಪಿಸ್ಟನ್ ಮುಗಿಯಿತು. ಅಗಲವಾದ ತೋಡಿನಲ್ಲಿ ರಿಂಗು ಮೇಲೆ ಕೆಳಗೆ ಆಡುತ್ತದೆ. ಪ್ರತಿ ಆಟಕ್ಕೂ ಒಂದಿಷ್ಟು ಆಯಿಲ್ ಮೇಲಕ್ಕೆ ಹೋಗುತ್ತದೆ. "ಪಿಸ್ಟನ್ ಚೆನ್ನಾಗಿದೆ, ರಿಂಗು ಮಾತ್ರ ಹಾಕು" ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಬೋರಿನ ಲೆಕ್ಕ

ಬೋರ್ ಗೇಜ್ ಇಲ್ಲದ ಕಡೆ ಇಂಜಿನ್ ಕಟ್ಟಿಸಬೇಡಿ. ಬೆರಳಿಂದ ಸವರಿ "ಗೆರೆ ಇಲ್ಲ ಅಣ್ಣಾ, ರಿಂಗಲ್ಲೇ ಹೋಗುತ್ತೆ" ಅನ್ನುವ ಮಿಸ್ತ್ರಿಯ ಅನುಭವ ದೊಡ್ಡದೇ ಇರಬಹುದು. ಆದರೆ ಮಿ.ಮೀ.ನ ನೂರನೇ ಭಾಗ ಬೆರಳಿಗೆ ತಿಳಿಯುವುದಿಲ್ಲ.

ಪ್ರತಿ ಸಿಲಿಂಡರನ್ನು ಮೂರು ಎತ್ತರದಲ್ಲಿ ಅಳೆಯಿರಿ: ಮೇಲಿನ ರಿಂಗು ತಿರುಗುವ ಜಾಗ, ನಡುವೆ, ಕೆಳಗೆ. ಪ್ರತಿ ಎತ್ತರದಲ್ಲಿ ಎರಡು ದಿಕ್ಕು: ಕ್ರ್ಯಾಂಕಿಗೆ ನೇರವಾಗಿ, ಅಡ್ಡವಾಗಿ. ಸವೆತ ಸಾಮಾನ್ಯವಾಗಿ ಮೇಲೆ ಜಾಸ್ತಿ. ಅಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಕಮ್ಮಿ. ಪಿಸ್ಟನ್ ಅಲ್ಲಿ ಒಂದು ಕ್ಷಣ ನಿಲ್ಲುವುದರಿಂದ ಆಯಿಲ್ ಪದರವೂ ಹರಿದುಹೋಗುತ್ತದೆ.

ಒಂದು ಲೆಕ್ಕ ಮಾಡೋಣ. 97.00 ಬೋರು ಮೇಲೆ 97.28, ಕೆಳಗೆ 97.04 ಆಗಿದೆ ಅಂದುಕೊಳ್ಳಿ. ಹೊಸ ರಿಂಗನ್ನು ಕೆಳಗಿಟ್ಟಾಗ ಬಾಯಿಯ ಸಂದು, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಜಾಗ, 0.40 ಇದೆ. ಮೇಲೆ ಬೋರು 0.24 ದೊಡ್ಡದು. ಸುತ್ತಳತೆ ಅದರ 3.14 ಪಟ್ಟು, ಅಂದರೆ 0.75 ಬೆಳೆಯುತ್ತದೆ. ರಿಂಗು ಮೇಲೆ ಹೋದಾಗ ಅದೇ ಸಂದು 1.15 ಮಿ.ಮೀ. ಆಗುತ್ತದೆ. ಇಂಜಿನ್ 2000 ಸುತ್ತಿನಲ್ಲಿದ್ದರೆ ನಿಮಿಷಕ್ಕೆ 2000 ಸಲ ಈ ರಿಂಗು ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತದೆ, ತೋಡಿನೊಳಗೆ ಉಜ್ಜಿಕೊಳ್ಳುತ್ತದೆ. ಗುಂಡಗಿಲ್ಲದ ಬೋರಿನಲ್ಲಿ ಗುಂಡು ರಿಂಗು ಪೂರ್ತಿ ಮುಟ್ಟುವುದೂ ಇಲ್ಲ. ಮೊದಲ ಕೆಲವು ತಿಂಗಳು ಚೆನ್ನಾಗಿ ಓಡಿ ಆಮೇಲೆ ದೂರು ಬರುವುದು ಇದಕ್ಕೇ. ಹೊಸ ರಿಂಗಿನ ಬಿಗುವು ಇರುವವರೆಗೆ ತಪ್ಪು ಮುಚ್ಚಿರುತ್ತದೆ.

ಬೋರಿನ ಮೇಲ್ತುದಿಯಲ್ಲಿ ಉಳಿದ ಮೆಟ್ಟಿಲು ಇನ್ನೊಂದು ಅಪಾಯ. ಹಳೇ ರಿಂಗಿನ ಮೂಲೆ ಸವೆದು ದುಂಡಾಗಿರುತ್ತದೆ, ಆ ಮೆಟ್ಟಿಲಿಗೆ ತಾಗುವುದಿಲ್ಲ. ಹೊಸದರ ಮೂಲೆ ಚೂಪು. ಅದು ಮೆಟ್ಟಿಲಿಗೆ ಬಡಿದು ರಿಂಗು ಮುರಿಯುತ್ತದೆ, ಇಲ್ಲವೇ ಎರಡು ತೋಡುಗಳ ನಡುವಿನ ಗೋಡೆ ಒಡೆಯುತ್ತದೆ. ಕಟ್ಟಿಸಿದ ಸ್ವಲ್ಪ ದಿನಕ್ಕೇ ಒಂದು ಸಿಲಿಂಡರಿನಲ್ಲಿ ಟಿಕ್ ಟಿಕ್ ಶಬ್ದ ಬಂದು ಕಂಪ್ರೆಷನ್ ಬಿದ್ದರೆ ಮೊದಲು ಇದನ್ನು ನೆನಪಿಸಿಕೊಳ್ಳಿ.

ಎಷ್ಟು ಸವೆತದವರೆಗೆ ಬರೀ ರಿಂಗು ಸಾಕು? ಕಮ್ಮಿನ್ಸ್ 6ಬಿಟಿಗೆ, ಅಂದರೆ 102 ಮಿ.ಮೀ. ಬೋರಿನ 5.9 ಲೀಟರ್ ಇಂಜಿನ್ನಿಗೆ, ಕಂಪನಿ ಕೊಟ್ಟ ಮಿತಿ ಗಟ್ಟಿ: ಮೇಲೆ-ಕೆಳಗಿನ ವ್ಯತ್ಯಾಸ 0.076, ಗುಂಡಗಿಲ್ಲದಿಕೆ 0.038 ಮಿ.ಮೀ. ಹಳೇ 697ಕ್ಕೆ ಅಷ್ಟು ಬಿಗಿ ಹಿಡಿಯದಿದ್ದರೂ, 0.10 ದಾಟಿದ ಬೋರಿಗೆ ನಾನಂತೂ ಬರೀ ರಿಂಗು ಹಾಕಿ ಅನ್ನುವುದಿಲ್ಲ. ಆರು ತಿಂಗಳಲ್ಲಿ ಮಾರುವ ಗಾಡಿಯಾದರೆ ಮಾತು ಬೇರೆ. ಕೊಳ್ಳುವವರ ಪಾಡು ಅವರಿಗೆ.

ಲೈನರ್ರೋ, ಓವರ್‌ಸೈಜೋ?

ಇದು ಇಂಜಿನ್ ನೋಡಿ ತೀರ್ಮಾನಿಸುವ ವಿಷಯ. 697ಕ್ಕೆ ಪೇಟೆಯಲ್ಲಿ ಡ್ರೈ ಲೈನರ್, ಅಂದರೆ ನೀರು ತಾಗದಂತೆ ಬ್ಲಾಕಿನ ತೂತಿಗೆ ಒತ್ತಿ ಕೂರಿಸುವ ಕೊಳವೆ, ಸಿಗುತ್ತದೆ. ಹಳೆಯದನ್ನು ಎಳೆದು ಹೊಸದನ್ನು ಒತ್ತಿ, ಬೋರ್ ಮಾಡಿಸಿ ಸ್ಟ್ಯಾಂಡರ್ಡ್ ಪಿಸ್ಟನ್ ಹಾಕಬಹುದು. ಜಪಾನಿನ ಹೀನೊ ತಂತ್ರಜ್ಞಾನದ 104 ಮಿ.ಮೀ. ಬೋರಿನ ಲೇಲ್ಯಾಂಡ್ ಇಂಜಿನ್ನಿನಲ್ಲಿ ಲೈನರ್ ತೀರಾ ತೆಳು. ಅದನ್ನು ಬೋರ್ ಮಾಡಿಸುವ ಯೋಚನೆ ಬೇಡ, ಬದಲಿಸುವುದೊಂದೇ. 6ಬಿಟಿಗೆ ಲೈನರೇ ಇಲ್ಲ, ಬ್ಲಾಕೇ ಬೋರು. ಅಲ್ಲಿ ಬೋರ್ ಮಾಡಿಸಿ 0.50, ಆಮೇಲೆ 1.00 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್. ಅದೂ ಮುಗಿದರೆ ಲೈನರಿನಂಥ ಸ್ಲೀವ್.

ಡ್ರೈ ಲೈನರ್ ಎಳೆದ ಮೇಲೆ ಅದರ ಹೊರಮೈ ನೋಡಿ. ಪೂರ್ತಿ ಒಂದೇ ಬಣ್ಣ ಇದ್ದರೆ ಬ್ಲಾಕಿಗೆ ಚೆನ್ನಾಗಿ ಅಂಟಿ ಕೂತಿತ್ತು. ಅಲ್ಲಲ್ಲಿ ಕಪ್ಪು ಮಚ್ಚೆ ಇದ್ದರೆ ಅಷ್ಟು ಜಾಗ ಬ್ಲಾಕಿಗೆ ತಾಗಿಲ್ಲ, ಬಿಸಿ ನೀರಿಗೆ ದಾಟಿಲ್ಲ. ಅಂಥ ಕಡೆ ಪಿಸ್ಟನ್ ಕಚ್ಚುತ್ತದೆ. ಆಗ ಬ್ಲಾಕಿನ ತೂತನ್ನೂ ಅಳೆಯಬೇಕು. ಅದು ದೊಡ್ಡದಾಗಿದ್ದರೆ ಹೊರಮೈ ಓವರ್‌ಸೈಜ್ ಇರುವ ಲೈನರ್ ಹುಡುಕಬೇಕು. ಲೈನರ್ ಕೂರುವ ಮೆಟ್ಟಿಲಿನಲ್ಲಿ ಒಂದು ಚೂರು ಇಂಗಾಲ ಉಳಿದರೂ ಲೈನರಿನ ಕಾಲರ್ ಬಿರುಕು ಬಿಡಬಹುದು. ಬಟ್ಟೆ ಸುತ್ತಿ ಒರೆಸಿದರೆ ಸಾಲದು, ಕೆರೆದು ತೆಗೆಯಿರಿ.

ನೀರು ನೇರ ತಾಗುವ ವೆಟ್ ಲೈನರ್ ಇಂಜಿನ್ನಾದರೆ ಹೊರಮೈಯಲ್ಲಿ ಸೂಜಿ ಚುಚ್ಚಿದ ಹಾಗೆ ಗುಂಡಿಗಳಿವೆಯಾ ನೋಡಿ. ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ಕೂಲಂಟ್ ಹಾಕದೆ ಹೊಸ ಲೈನರ್ ಹಾಕಿದರೆ ಅದಕ್ಕೂ ಅದೇ ಗತಿ.

ಪಿಸ್ಟನ್ ಕೈಗೆ ಬರುವ ಮುಂಚೆ ಬ್ಲಾಕನ್ನು ಬೋರಿಂಗಿಗೆ ಕೊಡಬೇಡಿ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. "0.50 ಮಾಡಿ ಇಡಿ, ಪಿಸ್ಟನ್ ಆಮೇಲೆ ತರ್ತೀನಿ" ಅನ್ನುವುದು ದೊಡ್ಡ ಎಡವಟ್ಟು. ಬೋರ್ ಮಾಡುವವರು ಪ್ರತಿ ಪಿಸ್ಟನ್ನನ್ನು ಅಳೆದು, ಅದಕ್ಕೂ ಬೋರಿಗೂ ನಡುವೆ ಬೇಕಾದ ಸಡಿಲ ಸೇರಿಸಿ ಕೊರೆಯಬೇಕು. ಹಳೇ ಲೆಕ್ಕದ 20 ಥೌ (ಇಂಚಿನ ಸಾವಿರದ ಇಪ್ಪತ್ತು ಭಾಗ) ಪಿಸ್ಟನ್ ಅಂದರೆ 0.508 ಮಿ.ಮೀ. ಅದೂ 0.50ಯೂ ಒಂದೇ ಅಲ್ಲ.

ಪಿಸ್ಟನ್ ಆರಿಸುವಾಗ

ಪಿಸ್ಟನ್ ಗುಂಡಗಿದೆ ಅಂದುಕೊಂಡವರು ಅದನ್ನು ಎಲ್ಲೆಲ್ಲೋ ಅಳೆಯುತ್ತಾರೆ. ಅದು ಗುಂಡಗಿಲ್ಲ. ಪಿನ್ನಿನ ದಿಕ್ಕಿನಲ್ಲಿ ಸ್ವಲ್ಪ ಚಿಕ್ಕದು, ಅಡ್ಡ ದಿಕ್ಕಿನಲ್ಲಿ ದೊಡ್ಡದು. ತಲೆ ಹೆಚ್ಚು ಬಿಸಿಯಾಗಿ ಹಿಗ್ಗುವುದರಿಂದ ಮೇಲೆ ಚಿಕ್ಕದು, ಕೆಳಗೆ ದೊಡ್ಡದು. ಹಾಗಾಗಿ ಅಳತೆ ಸ್ಕರ್ಟಿನ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡವಾಗಿ. ಕಂಪನಿಯವರು ಇಂತಿಷ್ಟು ಎತ್ತರದಲ್ಲಿ ಅಂತ ಹೇಳಿದ್ದರೆ ಅಲ್ಲೇ. 97 ಮಿ.ಮೀ. ಅಲ್ಯುಮಿನಿಯಂ ಡೀಸೆಲ್ ಪಿಸ್ಟನ್ನಿಗೆ ಸಾಮಾನ್ಯವಾಗಿ 0.10ರಿಂದ 0.15 ಮಿ.ಮೀ. ಸಡಿಲ ಬರುತ್ತದೆ. ಡಬ್ಬಿಯ ಮೇಲೆ ಬರೆದ ಸಂಖ್ಯೆ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಅದನ್ನು ಮಾಡಿದವರಿಗೆ ಅದರ ಲೋಹ ಗೊತ್ತು.

ಅಳೆಯುವಾಗ ಬಿಸಿಲಿನಲ್ಲಿಟ್ಟ ಪಿಸ್ಟನ್ ಬೇಡ. 97 ಮಿ.ಮೀ. ಪಿಸ್ಟನ್ 10 ಡಿಗ್ರಿ ಬಿಸಿಯೇರಿದರೆ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ ಬಿದ್ದಿದ್ದ ಪಿಸ್ಟನ್ನನ್ನು ನೆರಳಿನ ಬ್ಲಾಕಿನ ಜೊತೆ ಅಳೆದರೆ ಲೆಕ್ಕ ತಪ್ಪಿತು. ಎರಡನ್ನೂ ಒಂದೇ ಕೋಣೆಯಲ್ಲಿ ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ.

ವ್ಯಾಸ ಒಂದೇ ಇದ್ದರೆ ಪಿಸ್ಟನ್ ಒಂದೇ ಅಂತಲ್ಲ. ಹಳೆಯದನ್ನೂ ಹೊಸದನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಡಿ. ಪಿನ್ನಿನ ನಡುಮಧ್ಯದಿಂದ ತಲೆವರೆಗಿನ ಎತ್ತರ ನೋಡಿ. ಅದು ಕಮ್ಮಿ ಇದ್ದರೆ ಕಂಪ್ರೆಷನ್ ಬೀಳುತ್ತದೆ, ಬೆಳಿಗ್ಗೆ ಬಿಳಿ ಹೊಗೆ ಬಿಡುತ್ತಾ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಜಾಸ್ತಿ ಇದ್ದರೆ ತಲೆ ವಾಲ್ವಿಗೋ ಹೆಡ್ಡಿಗೋ ತಾಗುತ್ತದೆ. ಬ್ಲಾಕಿನ ಮೇಲ್ಮೈ ಕೆರೆದು ಮಟ್ಟ ಮಾಡುವ ಫೇಸಿಂಗ್ ಮಾಡಿಸಿದ್ದರೆ ಈ ಎತ್ತರ ಇನ್ನೂ ಸೂಕ್ಷ್ಮ. ಪಿಸ್ಟನ್ ಮೇಲೆ ತಂದು ಡಯಲ್ ಗೇಜ್ ಇಟ್ಟು ಬ್ಲಾಕಿಗಿಂತ ಎಷ್ಟು ಮೇಲೆ ಬಂತು ಅಂತ ನೋಡಿ, ಆಮೇಲೆ ಗ್ಯಾಸ್ಕೆಟ್ ದಪ್ಪ ತೀರ್ಮಾನಿಸಿ.

ತಲೆಯ ಬಟ್ಟಲಿನ ಆಕಾರವೂ ಅದೇ ಇರಬೇಕು. ನೇರ ಇಂಜೆಕ್ಷನ್ ಇಂಜಿನ್ನಿನಲ್ಲಿ ನಾಝಲ್ ಸಿಂಪಡಿಸುವುದು ಆ ಬಟ್ಟಲಿಗೆ. ಟರ್ಬೊ ಇಂಜಿನ್ನಿನ ಪಿಸ್ಟನ್ ಬೇರೆ, ಟರ್ಬೊ ಇಲ್ಲದ್ದು ಬೇರೆ, ಅದಲುಬದಲು ಬೇಡ. ಕೆಳಗಿನಿಂದ ಆಯಿಲ್ ಚಿಮ್ಮಿ ಪಿಸ್ಟನ್ ತಂಪು ಮಾಡುವ ಜೆಟ್ ಇದ್ದರೆ ಸ್ಕರ್ಟಿನಲ್ಲಿ ಅದಕ್ಕೆ ಕಚ್ಚು ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಜೆಟ್ಟನ್ನೇ ಮುರಿಯುತ್ತದೆ. 697ರ ಬೋರು, ಸ್ಟ್ರೋಕು ಬೆನ್ಸಿನ ಓಎಂ 352ರದೇ. ಹಾಗಂತ ಗುಜರಿಯಲ್ಲಿ ಸಿಕ್ಕ ಯಾವುದೋ ಸೆಟ್ ಕಣ್ಣು ಮುಚ್ಚಿ ಹಾಕಲು ಬರುವುದಿಲ್ಲ.

ಮೇಲಿನ ತೋಡಿನ ಸುತ್ತ ಬೇರೆ ಬಣ್ಣದ ಬಳೆ ಕಾಣುತ್ತದೆಯಾ? ಅದು ಅಲ್ಯುಮಿನಿಯಮ್ಮಿನೊಳಗೆ ಕೂರಿಸಿದ ನಿಕ್ಕಲ್ ಬೀಡುಕಬ್ಬಿಣ. ಹಿಗ್ಗುವುದರಲ್ಲಿ ಅಲ್ಯುಮಿನಿಯಮ್ಮಿಗೆ ಹತ್ತಿರ, ಗಟ್ಟಿತನದಲ್ಲಿ ಎಷ್ಟೋ ಮೇಲೆ. ಲೋಡ್ ಗಾಡಿಯಲ್ಲಿ ತೋಡು ಅಗಲವಾಗದಂತೆ ಕಾಯುವುದು ಇದೇ. ನಿಮ್ಮ ಹಳೇ ಪಿಸ್ಟನ್ನಿನಲ್ಲಿ ಇದ್ದು ಅಗ್ಗದ ಸೆಟ್ಟಿನಲ್ಲಿ ಇಲ್ಲದಿದ್ದರೆ ಅದನ್ನು ವಾಪಸ್ ಕೊಡಿ. ಉಳಿದ ಎಲ್ಲದರಲ್ಲಿ ಚೌಕಾಸಿ ಮಾಡಿ, ಇದರಲ್ಲಿ ಬೇಡ.

ಆರೂ ಪಿಸ್ಟನ್ ಒಂದೇ ತೂಕದ ಗುಂಪಿನವಾಗಿರಲಿ. ತಲೆಯ ಮೇಲೆ ಎ, ಬಿ, ಸಿ ಗ್ರೇಡ್ ಒತ್ತಿದ್ದರೆ ಲೈನರಿನ ಗ್ರೇಡಿಗೆ ಹೊಂದಿಸಿ.

ರಿಂಗಿನ ವಿಚಾರ

ಬೆಂಗಳೂರಿನವರಿಗೆ ರಿಂಗು ಪರದೇಶದ ಸಾಮಾನಲ್ಲ. ಗೊಟ್ಜೆ ಕಂಪನಿಯ ಕಾರ್ಖಾನೆ ಯಲಹಂಕದಲ್ಲೇ ಇದೆ. ಜೆ.ಸಿ. ರಸ್ತೆಯಲ್ಲಿ ಇಂಡಿಯಾ ಪಿಸ್ಟನ್ಸ್, ಶ್ರೀರಾಮ್ ಪಿಸ್ಟನ್ಸ್‌ನ ಉಷಾ, ಹೀಗೆ ಹಲವು ಹೆಸರು ಕೇಳುತ್ತೀರಿ. ಯಾವುದು ಒಳ್ಳೇದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಪಿಸ್ಟನ್ನು, ರಿಂಗು, ಪಿನ್ನು ಒಂದೇ ಕಡೆಯ ಒಂದೇ ಸೆಟ್ ಆಗಿರಲಿ, ಬಿಲ್ ಇರಲಿ, ಅಷ್ಟೇ. ಒಬ್ಬರ ಪಿಸ್ಟನ್ನಿಗೆ ಇನ್ನೊಬ್ಬರ ರಿಂಗು ಹಾಕುವಾಗ ತೋಡಿನ ಅಗಲ, ಆಳ ಎರಡೂ ತಾಳೆಯಾಗಬೇಕು. ರಿಂಗನ್ನು ತೋಡಿನೊಳಗೆ ಪೂರ್ತಿ ಒತ್ತಿದಾಗ ಅದು ಪಿಸ್ಟನ್ನಿನ ಮೈಗಿಂತ ಸ್ವಲ್ಪ ಒಳಗೆ ಹೋಗಬೇಕು. ಹೊರಗೆ ಉಳಿದರೆ ಪಿಸ್ಟನ್ ಇಳಿಸುವಾಗಲೇ ಮುರಿಯುತ್ತದೆ.

ಮೇಲಿನ ರಿಂಗು ಚೌಕದ್ದೋ, ಓರೆ ಬದಿಯ ಕೀಸ್ಟೋನೋ ನೋಡಿ. ಕೀಸ್ಟೋನ್ ರಿಂಗು ಆಡುವಾಗ ತೋಡಿನ ಸಂದು ಹಿಗ್ಗಿ ಕುಗ್ಗಿ ಇಂಗಾಲ ಪುಡಿಯಾಗುತ್ತದೆ. 6ಬಿಟಿಯ ಮೇಲಿನ ರಿಂಗು ಇಂಥದ್ದು. ಚೌಕದ ತೋಡಿಗೆ ಕೀಸ್ಟೋನ್ ಹಾಕಿದರೆ, ಅಥವಾ ಕೀಸ್ಟೋನ್ ತೋಡಿಗೆ ಚೌಕದ್ದು ಹಾಕಿದರೆ, ಕೂರುವುದೇ ಇಲ್ಲ. ಇದರ ಪಕ್ಕದ ಸಂದನ್ನು ಹಾಗೇ ಫೀಲರ್ ತೂರಿಸಿ ಅಳೆಯಲೂ ಬರುವುದಿಲ್ಲ. ರಿಂಗನ್ನು ಬೋರಿನಲ್ಲಿರುವ ಸ್ಥಿತಿಯಷ್ಟು ಒಳಗೆ ಒತ್ತಿ ಹಿಡಿದೇ ನೋಡಬೇಕು.

ಮೈಗೆ ಕ್ರೋಮ್ ಇರುವ ರಿಂಗು ಧೂಳು ತಡೆಯುತ್ತದೆ, ಬಾಳಿಕೆ ಜಾಸ್ತಿ. ಆದರೆ ಕೂರಲು ಹೊತ್ತು ಹಿಡಿಯುತ್ತದೆ, ಬೋರು ಗುಂಡಗಿರಬೇಕು. ಬರೀ ಬೀಡುಕಬ್ಬಿಣದ ರಿಂಗು ಬೇಗ ಕೂರುತ್ತದೆ, ಬೇಗ ಸವೆಯುತ್ತದೆ. ಲೈನರಿಗೇ ಕ್ರೋಮ್ ಇದ್ದರೆ ಕ್ರೋಮ್ ರಿಂಗು ಹಾಕಲೇಬಾರದು. ಎರಡೂ ಒಂದನ್ನೊಂದು ಕಚ್ಚುತ್ತವೆ.

ರಿಂಗಿನ ಬಾಯಿ ಸಂದನ್ನು ಪ್ರತಿ ರಿಂಗಿಗೂ ಅದರದೇ ಸಿಲಿಂಡರಿನಲ್ಲಿ ನೋಡಿ. ಪಿಸ್ಟನ್ನಿನ ತಲೆಯಿಂದ ರಿಂಗನ್ನು ಕೆಳಗೆ ತಳ್ಳಿ, ನೇರ ಕೂತಿದೆ ಅಂತ ಖಾತ್ರಿಯಾದ ಮೇಲೆ ಫೀಲರ್ ಹಾಕಿ. ಬೋರಿನ ಪ್ರತಿ 25 ಮಿ.ಮೀ.ಗೆ 0.10 ಮಿ.ಮೀ. ಅನ್ನುವುದು ಹಳೇ ಲೆಕ್ಕ, ಅಂದರೆ 97ಕ್ಕೆ ಸುಮಾರು 0.40. ಸ್ವಲ್ಪ ಜಾಸ್ತಿ ಇದ್ದರೆ ಇಂಜಿನ್ ಸಾಯುವುದಿಲ್ಲ. ಕಮ್ಮಿ ಇದ್ದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ಒತ್ತಿ, ಬೋರನ್ನೇ ಗೀಚಿ, ಕೊನೆಗೆ ಮುರಿಯುತ್ತದೆ. ಅರ ಹಾಕಬೇಕಾದರೆ ಹೊರಮೈಯಿಂದ ಒಳಕ್ಕೆ ಮಾತ್ರ ಎಳೆಯಿರಿ. ಉಲ್ಟಾ ಎಳೆದರೆ ಕ್ರೋಮ್ ಸಿಪ್ಪೆ ಏಳುತ್ತದೆ.

ಆಯಿಲ್ ದೂರಿಗೆ ನೇರ ಕಾರಣವಾಗುವ ಒಂದು ಎಡವಟ್ಟು ಎರಡನೇ ರಿಂಗಿನದು. ಅದರ ಮೈ ಸ್ವಲ್ಪ ಓರೆ ಇರುತ್ತದೆ, ಕೆಳಗೆ ಇಳಿಯುವಾಗ ಆಯಿಲ್ ಕೆರೆದು ಇಂಜಿನ್ ತಳದ ಆಯಿಲ್ ಚೇಂಬರಿಗೆ ಕಳಿಸಲು. ತಲೆಕೆಳಗಾಗಿ ಹಾಕಿದರೆ ಅದೇ ಆಯಿಲನ್ನು ಮೇಲಕ್ಕೆ ಕೆರೆಯುತ್ತದೆ. ಟಾಪ್ ಅಂತ ಒತ್ತಿರುವ ಗುರುತು ಮೇಲೆ ಬರಬೇಕು. ಗುರುತು ಚಿಕ್ಕದು, ಗ್ರೀಸ್ ಕೈಯಲ್ಲಿ ಕಾಣುವುದಿಲ್ಲ. ಬೆಳಕಿಗೆ ಹಿಡಿದು ನೋಡಿ. ಆಯಿಲ್ ರಿಂಗಿನೊಳಗಿನ ಸುರುಳಿ ಸ್ಪ್ರಿಂಗಿನ ಕೂಡು ರಿಂಗಿನ ಬಾಯಿಯ ಎದುರು ಬದಿಗೆ ಇರಲಿ. ಮೂರು ರಿಂಗಿನ ಬಾಯಿಗಳು ಒಂದೇ ಸಾಲಿಗೆ ಬರದಂತೆ 120 ಡಿಗ್ರಿ ದೂರ ಇಡಿ. ರಿಂಗು ಬಿಡಿಸಲು ಎಕ್ಸ್‌ಪ್ಯಾಂಡರ್ ಬಳಸಿ, ಹೆಬ್ಬೆರಳಿನಿಂದ ಎಳೆದರೆ ತಿರುಚಿಕೊಳ್ಳುತ್ತದೆ.

ಹೋನಿಂಗ್, ತೊಳೆತ

ಬೋರಿಂಗ್ ಆದ ಮೇಲೆ ಕಲ್ಲಿನಿಂದ ಉಜ್ಜಿ ಮಾಡುವ ಹೋನಿಂಗ್ ಗೆರೆಗಳು ಅಡ್ಡಡ್ಡ ಕತ್ತರಿಸಬೇಕು, ಅವುಗಳ ನಡುವೆ ಸುಮಾರು 45ರಿಂದ 60 ಡಿಗ್ರಿ. ಗೆರೆ ಇಲ್ಲದ ನುಣುಪು ಬೋರಿನಲ್ಲಿ ಆಯಿಲ್ ನಿಲ್ಲುವುದಿಲ್ಲ, ರಿಂಗು ಕೂರುವುದೂ ಇಲ್ಲ.

ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳೊಳಗೆ ಉಳಿದಿರುತ್ತದೆ. ಡೀಸೆಲ್, ಸೀಮೆಎಣ್ಣೆ ಸುರಿದರೆ ಅದು ಬರುವುದಿಲ್ಲ. ಬಿಸಿ ನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಹಾಕಿ ಉಜ್ಜಿ. ಒಣಗಿಸಿ ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿ. ಬಟ್ಟೆ ಬೂದಿಯಾದರೆ ಮತ್ತೆ ತೊಳೆಯಿರಿ. ಬಿಳಿಯಾಗಿಯೇ ಉಳಿದ ಮೇಲೆ ತಕ್ಷಣ ಆಯಿಲ್ ಹಚ್ಚಿ, ಇಲ್ಲದಿದ್ದರೆ ಗಂಟೆಯೊಳಗೆ ತುಕ್ಕು.

ಗಜನ್ ಪಿನ್ ಬಿಗಿಯಾಗಿದ್ದರೆ ಸುತ್ತಿಗೆ ಬೇಡ. ಪಿಸ್ಟನ್ನನ್ನು ಕುದಿಯುವ ನೀರಿಗೆ ಹಾಕಿ ತೆಗೆದರೆ ಪಿನ್ ಕೈಯಲ್ಲೇ ಜಾರುತ್ತದೆ. ಪಿನ್ ಜಾರದಂತೆ ತಡೆಯುವ ಸರ್ಕ್ಲಿಪ್ ಹೊಸದೇ ಹಾಕಿ.

ಕಟ್ಟಿದ ಮೇಲೂ ದೂರು ಉಳಿದರೆ

ಮೊದಲ ದಿನಗಳಲ್ಲಿ ಗಾಡಿಯನ್ನು ಗಂಟೆಗಟ್ಟಲೆ ಐಡ್ಲಿಂಗ್ ಬಿಟ್ಟು "ಸೆಟ್ ಆಗಲಿ" ಅನ್ನುವುದು ನಮ್ಮಲ್ಲಿ ಇನ್ನೂ ಇದೆ. ಇದರಿಂದ ಕೆಡುಕೇ. ರಿಂಗನ್ನು ಬೋರಿಗೆ ಒತ್ತುವುದು ಗ್ಯಾಸಿನ ಒತ್ತಡ. ಲೋಡ್ ಇಲ್ಲದಿದ್ದರೆ ಒತ್ತಡ ಇಲ್ಲ, ಬೋರಿನ ಮೇಲೆ ಸುಟ್ಟ ಆಯಿಲ್ ಮೆರುಗು ಕಟ್ಟುತ್ತದೆ. ಆಮೇಲೆ ರಿಂಗು ಕೂರುವುದೇ ಇಲ್ಲ. ಬಿಸಿಯಾದ ಮೇಲೆ ಅರ್ಧ ಲೋಡಿನಲ್ಲಿ, ಸ್ಪೀಡ್ ಏರಿಸಿ ಇಳಿಸುತ್ತಾ ಓಡಿಸಿ. ಪೂರ್ತಿ ಲೋಡಿನಲ್ಲಿ ಚಾರ್ಮಾಡಿ ಹತ್ತಿಸುವುದು ಆಮೇಲಿರಲಿ. ಮೊದಲ ಆಯಿಲ್ ಬೇಗ ಬದಲಿಸಿ, ಸಿಂಥೆಟಿಕ್ ಈಗಲೇ ಬೇಡ.

ಬ್ರೀದರ್ ಹೊಗೆ ದಿನೇ ದಿನೇ ಇಳಿಯುತ್ತಿದ್ದರೆ ತಾಳ್ಮೆ ಇರಲಿ, ರಿಂಗು ಕೂರುತ್ತಿದೆ. ಇದ್ದಲ್ಲೇ ನಿಂತರೆ ಮೆರುಗು ಕಟ್ಟಿರಬಹುದು. ಕೆಲವು ದಿನ ಲೋಡಿನಲ್ಲಿ ಓಡಿಸಿಯೂ ಬದಲಾಗದಿದ್ದರೆ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸಬೇಕು. ಹೊಗೆ ಏರುತ್ತಿದ್ದರೆ ಕಾಯಬೇಡಿ. ಮುರಿದ ರಿಂಗೋ ಕಚ್ಚಿದ ಪಿಸ್ಟನ್ನೋ ಇದೆ. ಕಂಪ್ರೆಷನ್ ಅಳೆದು ಯಾವ ಸಿಲಿಂಡರ್ ಅಂತ ಹಿಡಿಯಿರಿ.

ಹೆಡ್ ಎತ್ತಬೇಕಾಗಿ ಬಂದರೆ ಪಿಸ್ಟನ್ನಿನ ತಲೆ ನೋಡಿ. ಸುತ್ತಲ ಅಂಚು ತೊಳೆದ ಹಾಗೆ ಸ್ವಚ್ಛವಾಗಿ, ನಡುವೆ ಮಾತ್ರ ಇಂಗಾಲ ಇದ್ದರೆ ಆಯಿಲ್ ಕೆಳಗಿನಿಂದ, ರಿಂಗು ದಾಟಿ ಬಂದಿದೆ. ತಲೆಯೆಲ್ಲ ಒಂದೇ ಥರ ಒಣಗಿದ್ದು, ಇನ್‌ಲೆಟ್ ವಾಲ್ವಿನ ಹಿಂಬದಿ ಮಾತ್ರ ಜಿಡ್ಡಾಗಿದ್ದರೆ ಗೈಡು ಅಥವಾ ಟರ್ಬೊ. ಆಗ ಪಿಸ್ಟನ್ ಮುಟ್ಟಬೇಡಿ, ಹೆಡ್ಡಿನ ಕೆಲಸ ಮಾತ್ರ ಮಾಡಿಸಿ ಮುಚ್ಚಿ.